ಘಟಪ್ರಭಾ ಸೊಸೈಟಿಯ ಗುಂಡಿಗಳು

ಎಲ್ಲಕ್ಕೂ ಮೂಲ ಒಂದು ಗುಂಡಿ. ಅಂಗಿಯ ಗುಂಡಿಯಲ್ಲ, ಪುಣೆಯ ರಸ್ತೆಯ ಗುಂಡಿಯಂತೂ ಅಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಬೂದು ಬಣ್ಣದಲ್ಲಿ, ಹೆಬ್ಬೆರಳಿನಷ್ಟು ಅಗಲವಾಗಿ ಕುಳಿತಿದ್ದ ಗುಂಡಿ. ಅದರ ಮೇಲೆ ‘ಹೊಸ ಗುಂಡಿ’ ಎಂದು ಬರೆದಿತ್ತು. ಒತ್ತಿದರೆ ಇನ್ನೊಂದು ಗುಂಡಿ ಹುಟ್ಟುತ್ತಿತ್ತು. ಮತ್ತೆ ಒತ್ತಿದರೆ ಮತ್ತೊಂದು. ಕುಟುಂಬ ಯೋಜನೆಯ ಗಾಳಿಯೇ ಸೋಕದ ಈ ಗುಂಡಿಯನ್ನು ಅಲ್ಲಿ ಕೂರಿಸಿದವನು ಮಾಂತು. ಕೂರಿಸಿ, ಮೂರು ದಿನ ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡವನೂ ಅವನೇ.

ಮಾಂತು ಅಂದರೆ ಗೋಕಾಕದ ಕಡೆಯ ಮಹಾಂತೇಶ. ಸ್ವಾರಗೇಟಿನ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮರ್. ವಯಸ್ಸು ಇಪ್ಪತ್ತೇಳು, ಮದುವೆ ಇನ್ನೂ ಮಾತಿನಲ್ಲಿಯೇ ಇತ್ತು. ಬಿಬವೇವಾಡಿಯ ಘಟಪ್ರಭಾ ಸೊಸೈಟಿಯಲ್ಲಿ ಎರಡನೆಯ ಮಹಡಿಯ ಒಂಬತ್ತನೆಯ ನಂಬರಿನ ಮನೆಯಲ್ಲಿ ಬಾಡಿಗೆಗಿದ್ದ. ಬೆಳಗಾವಿ, ಧಾರವಾಡಗಳ ಕಡೆಯಿಂದ ಬಂದು ಪುಣೆಯಲ್ಲಿ ಬೇರುಬಿಟ್ಟ ಇಪ್ಪತ್ತನಾಲ್ಕು ಕುಟುಂಬಗಳು ಸೇರಿ ಕಟ್ಟಿಸಿದ ಕಟ್ಟಡ ಅದು. ಊರಿನ ನೆನಪಿಗೆ ನದಿಯ ಹೆಸರನ್ನು ತಂದಿದ್ದರು. ನೀರು ತರುವುದನ್ನು ಮರೆತಿದ್ದರು.

ಈ ಮನೆಗೆ ಬರುವ ಮುಂಚೆ ಮಾಂತು ಎರಡು ವರ್ಷ ‘ಕಾಟ್ ಬೇಸಿಸ್’ ಮೇಲೆ ಬದುಕಿದ್ದ. ಅಂದರೆ ಕೋಣೆಗೆ ಬಾಡಿಗೆಯಲ್ಲ, ಮಂಚಕ್ಕೆ ಮಾತ್ರ. ಒಂದು ಕೋಣೆ, ಆರು ಮಂಚ, ಒಂದು ಕನ್ನಡಿ. ಪಕ್ಕದ ಮಂಚದವನು ತನ್ನ ಒದ್ದೆ ಸಾಕ್ಸನ್ನು ಇವನ ಮಂಚದ ಸರಳಿಗೆ ಒಣಹಾಕುತ್ತಿದ್ದ. ಅದರಾಚೆಯವನು ನಿದ್ದೆಯಲ್ಲಿ ಮರಾಠಿ ಮಗ್ಗಿ ಹೇಳುತ್ತಿದ್ದ, ಅದೂ ತಪ್ಪು ತಪ್ಪಾಗಿ. ಹದಿನೇಳೆಂಟ್ಲಿ ಎಷ್ಟೆಂದು ತಿದ್ದಲು ಮಾಂತು ಎಷ್ಟೋ ಸಲ ಎದ್ದು ಕೂತದ್ದುಂಟು. ಕಾಟಿಗೂ ಕಾಟಕ್ಕೂ ಸೇರಿ ಒಂದೇ ಬಾಡಿಗೆ. ಅಲ್ಲಿಂದ ಬಿಡಿಸಿಕೊಂಡು ಬಂದು, ಸ್ವಂತ ಬಚ್ಚಲು, ಸ್ವಂತ ಬಾಲ್ಕನಿ, ಸಂಜೆ ಕೆಳಗಿನ ಮನೆಯ ನಾಗವ್ವ ಕಾಕು ರೊಟ್ಟಿ ಬಡಿಯುವ ಸದ್ದು, ಇಷ್ಟರಲ್ಲಿ ಅವನಿಗೆ ಸ್ವರ್ಗ ಸಿಕ್ಕಿತ್ತು.

ಆದರೆ ಸ್ವರ್ಗದ ಕರಾರೂ ಹನ್ನೊಂದೇ ತಿಂಗಳಿನದು. ಅದು ಈ ಜೂನಿಗೆ ಮುಗಿಯುತ್ತಿತ್ತು. ಮನೆಯ ಮಾಲಕರು ಅವಧೂತರಾವ್. ಲೋಣಾವಳಾದಲ್ಲಿ ಚಿಕ್ಕಿ ಅಂಗಡಿ. ಅವರದೇನೂ ಅಡ್ಡಿಯಿರಲಿಲ್ಲ. ಅಡ್ಡಿ ಇದ್ದದ್ದು ಸೊಸೈಟಿಯದು. ಮದುವೆಯಾಗದವರಿಗೆ ಇನ್ನು ಮೇಲೆ ಮನೆ ಕೊಡಬಾರದೆಂದು ಯಾರೋ ಸೂಚಿಸಿದ್ದರು, ಯಾರೋ ಅನುಮೋದಿಸಿದ್ದರು. ಮಾಂತು ಉಳಿಯಬೇಕಾದರೆ, ‘ಈ ಬಾಡಿಗೆದಾರ ಇರಲು ನಮ್ಮ ತಕರಾರಿಲ್ಲ’ ಎಂದು ಚೇರ್ಮನ್ ಕೃಷ್ಣಾಜಿಯವರು ಸಹಿ ಮಾಡಿ ಶಿಕ್ಕಾ, ಅಂದರೆ ಸೊಸೈಟಿಯ ಮೊಹರು, ಹಾಕಿದ ಪತ್ರ ಬೇಕಾಗಿತ್ತು.

ಕೃಷ್ಣಾಜಿ ಯಾವುದೋ ಕಚೇರಿಯಿಂದ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರು. ಧಾರವಾಡದಲ್ಲಿ ಹುಟ್ಟಿದವರಾದರೂ ನಲವತ್ತು ವರ್ಷ ಪುಣೆಯ ನೀರು ಕುಡಿದು, ಪುಣೆಯವರ ಬೋರ್ಡು ಬರೆಯುವ ಚಟವನ್ನು ರಕ್ತಕ್ಕೆ ಇಳಿಸಿಕೊಂಡಿದ್ದರು. ಅವರ ಬಾಗಿಲ ಮೇಲೆ: ‘ಬೆಲ್ ಒಮ್ಮೆ ಒತ್ತಿರಿ. ಒಳಗಿರುವವರು ಕಿವುಡರಲ್ಲ, ನಿಧಾನಸ್ಥರು.’ ಮೆಟ್ಟಿಲ ಮೂಲೆಯಲ್ಲಿ: ‘ಇಲ್ಲಿ ಉಗುಳುವವರು ಮೊದಲು ತಮ್ಮ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬರಬೇಕು.’ ಮೂರು ತಿಂಗಳಿಂದ ಕೆಟ್ಟು ನಿಂತ ಲಿಫ್ಟಿನ ಮೇಲೆ: ‘ಲಿಫ್ಟ್ ಬಂದ್ ಇದೆ. ಯಾಕೆಂದು ಕೇಳಬೇಡಿ. ನಮಗೂ ಗೊತ್ತಿಲ್ಲ.’

ತಕರಾರು ಬರೆಯಲು ಮೆಟ್ಟಿಲ ಬುಡದಲ್ಲಿ ಒಂದು ವಹಿ ಇತ್ತು, ಅದಕ್ಕೆ ದಾರ ಕಟ್ಟಿದ ಪೆನ್ನು. ವಾರಕ್ಕೊಮ್ಮೆ ಪೆನ್ನು ಮಾಯವಾಗಿ ದಾರ ಮಾತ್ರ ಉಳಿಯುತ್ತಿತ್ತು. ಕೃಷ್ಣಾಜಿ ಬೋರ್ಡು ಹಾಕಿದರು: ‘ಪೆನ್ನು ಒಯ್ದವರು ದಾರವನ್ನೂ ಒಯ್ಯಿರಿ. ಅರ್ಧಮರ್ಧ ಕೆಲಸ ನಮಗೆ ಸೇರುವುದಿಲ್ಲ.’ ಮರುದಿನ ದಾರವೂ ಹೋಯಿತು, ವಹಿಯೂ ಹೋಯಿತು. ಆಗ ಅವರು ಮಾಂತುವನ್ನು ಕರೆಸಿದರು.

“ಮಾಂತೇಶಾ, ಜಗತ್ತೆಲ್ಲಾ ಕಂಪ್ಯೂಟರ್ ಮಾಡ್ಲಿಕತ್ತದ. ನಮ್ಮ ತಕರಾರೂ ಕಂಪ್ಯೂಟರಿನಾಗ ಬರ್ಲಿ. ವಾರ್ಷಿಕ ಸಭಾದಾಗ ಎಲ್ಲಾರ ಮುಂದ ಚಾಲೂ ಆಗ್ಬೇಕು. ಆದ್ರ ಅಲ್ಲೇ ಸಹಿ, ಅಲ್ಲೇ ಶಿಕ್ಕಾ, ಅಲ್ಲೇ ನಿನ್ನ ಪತ್ರ.”

“ಆಗಲಿಲ್ಲಂದ್ರರೀ ಕಾಕಾ?”

“ಅದಕ್ಕೂ ಒಂದು ಬೋರ್ಡ್ ಬರದಿಟ್ಟೀನಿ,” ಎಂದರು ಕೃಷ್ಣಾಜಿ. ತೋರಿಸಲಿಲ್ಲ.

ನಾಲ್ಕನೆಯ ಮಹಡಿಯ ಅಪ್ಪಾಸಾಹೇಬರ ಮಗ ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ಸೊಸೈಟಿಗೆ ದಾನ ಮಾಡಿದ್ದ. ಅದನ್ನು ಕೆಳಗೆ ಸೊಸೈಟಿಯ ಕಚೇರಿಯಲ್ಲಿಟ್ಟರು; ಮಾಂತು ಮೇಲೆ ತನ್ನ ಮನೆಯ ಕಂಪ್ಯೂಟರಿನಲ್ಲಿ ಕೆಲಸ ಶುರು ಮಾಡಿದ. ಒಂದೊಂದು ತಕರಾರಿಗೆ ಒಂದೊಂದು ಗುಂಡಿ. ಒತ್ತಿದರೆ ಪಕ್ಕದ ಅಂಕಿ ಒಂದು ಏರುತ್ತದೆ. ಪರದೆಯ ಮೇಲೆ ಗುಂಡಿಗಳನ್ನು ಕೈಯಾರೆ ಬಿಡಿಸಿ, ಜೋಡಿಸಿ, ಫ್ಲಾಪಿಗೆ ಹಾಕಿಕೊಂಡು ಕೆಳಗೆ ತಂದು ತೋರಿಸಿದರೆ ಕೃಷ್ಣಾಜಿಗೆ ದಿನವೂ ಹೊಸದೊಂದು ಹೊಳೆಯುತ್ತಿತ್ತು.

“ಎಲ್ಲಾ ಬರೋಬ್ಬರಿ ಅದ. ಟೆರೇಸಿನ್ಯಾಗ ಸಂಡಿಗಿ ಒಣಸ್ತಾರಲ್ಲ, ಅದಕ್ಕೊಂದು ಗುಂಡಿ ಬೇಕಾಗಿತ್ತು ನೋಡು.”

“ನಿನ್ನೆ ಟೆರೇಸಿಂದು ಹಾಕೀನಲ್ರಿ ಕಾಕಾ.”

“ಅದು ಅರಿವಿ ಒಣಸೂದು. ಅರಿವಿ ಬ್ಯಾರೆ, ಸಂಡಿಗಿ ಬ್ಯಾರೆ. ಒಂದು ಉಟಗೊಳ್ಳೂದು, ಒಂದು ತಿನ್ನೂದು.”

ಮತ್ತೆ ಮೇಲೆ ಹೋಗಬೇಕು, ಮತ್ತೆ ಬಿಡಿಸಬೇಕು, ಇದ್ದವನ್ನೆಲ್ಲ ಸರಿಸಿ ಜಾಗ ಮಾಡಬೇಕು. ಏಳನೆಯ ದಿನ ಮಾಂತುವಿಗೆ ಮದುವೆಮನೆಯ ಪಂಕ್ತಿ ನೆನಪಾಯಿತು. ಇನ್ನೂರು ಎಲೆಯನ್ನು ಬೆಳಿಗ್ಗೆಯೇ ಹಾಸಿಟ್ಟು ಯಾರೂ ಕಾಯುವುದಿಲ್ಲ; ಜನ ಬಂದು ಕೂತಂತೆ ಎಲೆ ಬೀಳುತ್ತದೆ. ಹಾಗೆಯೇ, ಪರದೆಯನ್ನು ಬರಿದಾಗಿ ಬಿಟ್ಟು, ಪ್ರೋಗ್ರಾಮು ಓಡುತ್ತಿರುವಾಗಲೇ ಬೇಕೆಂದವರಿಗೆ ಬೇಕಾದ ಗುಂಡಿ ಹುಟ್ಟುವಂತೆ ಮಾಡಿದರೆ? ತಕರಾರಿನ ಹೆಸರು ಬರೆ, ‘ಹೊಸ ಗುಂಡಿ’ ಒತ್ತು. ಆ ಹೆಸರಿನ ಗುಂಡಿ ಸಾಲಿನ ಕೊನೆಗೆ ಬಂದು ಕೂರುತ್ತದೆ. ಎರಡು ರಜೆ ಹಾಕಿ ಮಾಡಿ ಮುಗಿಸಿದ. ಆನಂದವಾಯಿತು. ಪಂಕ್ತಿಗೆ ಕೂತವರು ಹೊಟ್ಟೆ ತುಂಬಿದ ಮೇಲೆ ಏಳುತ್ತಾರೆ, ತಕರಾರಿಗೆ ಹೊಟ್ಟೆಯೇ ಇಲ್ಲ ಎಂಬುದೊಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಭೆ. ಸ್ಕೂಟರುಗಳನ್ನೆಲ್ಲ ಹೊರಗೆ ತಳ್ಳಿ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿದ್ದರು. ಮುಂದೊಂದು ಮೇಜು, ಮೇಜಿನ ಮೇಲೆ ಕಂಪ್ಯೂಟರು, ಕಂಪ್ಯೂಟರಿಗೆ ಕುಂಕುಮ, ಚೆಂಡುಹೂವಿನ ಮಾಲೆ. ಮಾಲೆ ಪರದೆಯ ಅರ್ಧ ಮುಚ್ಚಿತ್ತು. ಕೀಲಿಮಣೆಯಲ್ಲಿ ಕನ್ನಡ ಒತ್ತಲು ಬರುತ್ತಿದ್ದದ್ದು ಮಾಂತುವಿಗೊಬ್ಬನಿಗೇ. ಹಾಗಾಗಿ ಅವನನ್ನು ಮೇಜಿನ ಮುಂದೆ ಕೂರಿಸಿದ್ದರು. ಲೋಣಾವಳಾದಿಂದ ಬೆಳಗಿನ ಲೋಕಲಿನಲ್ಲಿ ಅವಧೂತರಾವ್ ಬಂದಿದ್ದರು. ಹೊಸ ಕರಾರಿನ ಕಾಗದ ಜೇಬಿನಲ್ಲಿಟ್ಟುಕೊಂಡು, ಕೈಯಲ್ಲೊಂದು ಚಿಕ್ಕಿಯ ಪೊಟ್ಟಣ ಹಿಡಿದು, ಗೋಡೆಯ ಪ್ಲಗ್ಗಿನ ಪಕ್ಕದ ಕುರ್ಚಿಯಲ್ಲಿ ಗದ್ದಲವಿಲ್ಲದೆ ಕೂತರು.

“ಪತ್ರ ಸಿಕ್ಕಿತೇನಪಾ?” ಎಂದರು.

“ಇನ್ನೊಂದು ತಾಸಿನಾಗ ಸಿಗತದ್ರಿ.”

“ಸಾವಕಾಶ ಆಗ್ಲಿ. ನನಗೇನು ಊರಾಗ ಕಾಯೋರಿಲ್ಲ. ಚಿಕ್ಕಿ ತೊಗೋ.”

ಕೃಷ್ಣಾಜಿ ತೆಂಗಿನಕಾಯಿ ಒಡೆದರು. ಆಮೇಲೆ ಜೇಬಿನಿಂದ ಚೀಟಿ ತೆಗೆದು, “ಮೊದಲು ಪರದೇ ಮ್ಯಾಲೆ ಒಂದು ಬೋರ್ಡ್ ಹಾಕು” ಎಂದರು. ಮಾಂತು ಬರೆದ: ‘ಒತ್ತುವ ಮುಂಚೆ ವಿಚಾರ ಮಾಡಿರಿ. ಒತ್ತಿದ ಮೇಲೆ ವಿಚಾರ ಮಾಡಿ ಉಪಯೋಗವಿಲ್ಲ.’ ಅಕ್ಷರ ದೊಡ್ಡದು ಮಾಡು ಎಂದರು, ಮಾಡಿದ. ಇನ್ನೂ ದೊಡ್ಡದು ಎಂದರು. ಪರದೆಯ ಮೇಲ್ಭಾಗ ಪೂರ್ತಿ ಬೋರ್ಡಿಗೆ ಹೋಯಿತು. ಪ್ರೋಗ್ರಾಮನ್ನು ಮುಚ್ಚುವ ಮೂಲೆಯ ಚೌಕವೂ ಅದರ ಕೆಳಗೆ ಹೂತುಹೋಯಿತು.

“ಈಗ ಯಾರದರೆ ತಕರಾರು ಇದ್ರ ಹೇಳ್ರಿ,” ಎಂದರು ಕೃಷ್ಣಾಜಿ ಉದಾರವಾಗಿ.

ಇದ್ರ! ಇಪ್ಪತ್ತನಾಲ್ಕು ಮನೆಗಳು ಒಮ್ಮೆಲೇ ಎದ್ದು ನಿಂತವು. ನೀರು, ಬೆಕ್ಕು, ಸಂಡಿಗೆ, ಪೇಪರಿನವನು ಮೂರನೆಯ ಮಹಡಿಗೆ ಪೇಪರು ಎಸೆಯುವ ರೀತಿ, ಹೀಗೆ ಎಂಟು ಗುಂಡಿಗಳು ಹತ್ತು ನಿಮಿಷದಲ್ಲಿ ಹುಟ್ಟಿದವು. ಮಾಂತುವಿನ ಬೆರಳು ಕೀಲಿಮಣೆಯ ಮೇಲೆ ಬಿಸಿ ಹೆಂಚಿನ ಮೇಲಿನ ಜೋಳದ ಅರಳಿನಂತೆ ಹಾರುತ್ತಿತ್ತು. ಹುಟ್ಟಿದ್ದೆಲ್ಲ ಅಚ್ಚುಕಟ್ಟಾಗಿ ಸಾಲಿನಲ್ಲಿ ಕೂತವು. ಕೃಷ್ಣಾಜಿಯ ಮುಖ ಅರಳಿತು. “ಶಾಣ್ಯಾ ಇದ್ದಿ,” ಎಂದು ಮಾಂತುವಿನ ಭುಜ ತಟ್ಟಿ, “ನಾ ಮ್ಯಾಲೆ ಹೋಗಿ ಶಿಕ್ಕಾ ತರ್ತೀನಿ,” ಎಂದು ಮೆಟ್ಟಿಲು ಹತ್ತತೊಡಗಿದರು. ಅವರ ಮನೆ ಮೂರನೆಯ ಮಹಡಿ. ಮಂಡಿನೋವು. ಲಿಫ್ಟು ಯಾಕೆ ಬಂದ್ ಎಂದು ಅವರಿಗೂ ಗೊತ್ತಿರಲಿಲ್ಲ.

ಚೇರ್ಮನ್‌ರ ಬೆನ್ನು ಮರೆಯಾದದ್ದೇ ತಡ, ಮಾಂತುವಿನ ಪಕ್ಕದ ಮನೆಯ ಇಂದೂ ವೈನಿ ಕುರ್ಚಿ ಎಳೆದುಕೊಂಡು ಬಂದರು.

“ಮಾಂತೂ, ನಂದೊಂದು ಬರಿ. ‘ಕೆಳಗಿನ ಮನಿ ಟಿ.ವಿ. ಸಪ್ಪಳ.’ ಮುಂಜಾನಿಂದ ಸಂಜಿತನಕ ಯಾವಾಕಿನರೆ ಅಳತಿರ್ತಾಳ. ನಮ್ಮ ಮನಿಯಾಗ ಯಾರರೆ ಹೋಗ್ಯಾರೇನೋ ಅಂತ ಮಂದಿ ಬಂದು ಕೇಳ್ತಾರ.”

ಕೆಳಗಿನ ಮನೆಯೆಂದರೆ ಮೊದಲ ಮಹಡಿಯ ನಾಗವ್ವ ಕಾಕು. ಅವರು ಅಲ್ಲಿಯೇ ಇದ್ದರು.

“ಬರಿಯಪಾ ಮಾಂತೂ, ಬರಿ,” ಎಂದರು ನಾಗವ್ವ, ಸೆರಗು ಸೊಂಟಕ್ಕೆ ಸಿಗಿಸುತ್ತ. “ಅದರ ಬಾಜೂಕ ನಂದೂ ಬರಿ. ‘ಮ್ಯಾಲಿನ ಮನಿಯವ್ರು ಖಾರ ಕುಟ್ಟೂದು.’ ನಾ ಟಿ.ವಿ. ದೊಡ್ಡದ ಮಾಡೂದು ಯಾಕಂತಿ? ಈಕಿ ಒನಕಿ ಸಪ್ಪಳದಾಗ ಅಳೋದು ಕೇಳಸಬ್ಯಾಡಾ?”

“ಖಾರ ಕುಟ್ಟಿದಾಗೊಮ್ಮೆ ನಿಮಗ ಒಂದು ಬಟ್ಟಲ ಕೊಟ್ಟೀನಿ ನಾನು!”

“ಕೊಟ್ಟೀಯವಾ, ಇಲ್ಲಂದೆನೇನು? ಖಾರ ಚೊಲೋ ಇರತದ. ಕುಟ್ಟೂದಷ್ಟ ತ್ರಾಸು.”

ಎರಡೂ ಗುಂಡಿ ಅಕ್ಕಪಕ್ಕ ಹುಟ್ಟಿದವು. ಅವಧೂತರಾವ್ ಚಿಕ್ಕಿ ಕಡಿಯುವುದನ್ನು ನಿಲ್ಲಿಸಿ ಕುರ್ಚಿಯ ಅಂಚಿಗೆ ಸರಿದರು.

ಇಬ್ಬರೂ ಗುಂಡಿ ಒತ್ತಿ ಒತ್ತಿ ದಣಿದ ಮೇಲೆ ನಾಗವ್ವ ದನಿ ತಗ್ಗಿಸಿದರು. “ಇಂದೂ, ನಮ್ಮ ಜಗಳ ಮನಿಯಾಗಿಂದು, ಇರ್ಲಿ ಬಿಡು. ಕಾಕಾ ಇಲ್ಲದಾಗ ಆ ಬೋರ್ಡಿಂದೊಂದು ಗುಂಡಿ ಇಡಸೂಣೇನು? ನನ್ನ ತಮ್ಮ ಬಂದಾಗ ಆ ಉಗುಳೂ ಬೋರ್ಡ್ ಓದಿ, ‘ಅಕ್ಕಾ, ನೀನು ಇಂಥಾ ಮಂದ್ಯಾಗ ಇರ್ತಿಯೇನು?’ ಅಂದ.”

“ಬರೇ ಬೋರ್ಡ್ ಯಾಕ್ರಿ ಕಾಕು? ನೇರ ‘ಚೇರ್ಮನ್’ ಅಂತ ಬರಸ್ರಿ. ಎಲ್ಲಾ ಅದರಾಗ ಬರತದ.”

“ಬ್ಯಾಡ್ರಿ!” ಎಂದ ಮಾಂತು. “ನನ್ನ ಪತ್ರ...”

“ಅಯ್ಯ, ಅವರು ಬರೂದ್ರಾಗ ಅಳಿಸಿಬಿಡು. ನಿನ್ನ ಕೈಯಾಗ ಅದ ಅಲ್ಲಾ ಎಲ್ಲಾ?”

ಈ ಮಾತಿಗೆ ಮಾಂತು ಸೋತ. ಪ್ರೋಗ್ರಾಮರನಿಗೆ ‘ನಿನ್ನ ಕೈಯಲ್ಲಿದೆ ಎಲ್ಲಾ’ ಎಂದರೆ ಸಾಕು, ಕೋಳಿಗೆ ಕಾಳು ತೋರಿಸಿದ ಹಾಗೆ. ‘ಚೇರ್ಮನ್’ ಗುಂಡಿ ಹುಟ್ಟಿತು. ಆರು ಜನ ಬಂದು ಮೆಲ್ಲಗೆ, ದೇವರ ಪಾದ ಮುಟ್ಟಿದಷ್ಟು ಭಕ್ತಿಯಿಂದ ಒತ್ತಿ ಹೋದರು. ಅಂಕಿ ಆರಾಯಿತು.

ಅಷ್ಟರಲ್ಲಿ ಅಪ್ಪಾಸಾಹೇಬರು ಎದ್ದರು. ಇವರು ದೌಂಡ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಮೈಕಿನಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಸಾರಿ ನಿವೃತ್ತರಾದವರು. ನೌಕರಿ ಮುಗಿದರೂ ಮೈಕು ಗಂಟಲಿನಲ್ಲಿಯೇ ಉಳಿದಿತ್ತು.

“ಸದಸ್ಯರು ದಯವಿಟ್ಟು ಲಕ್ಷ್ಯ ಕೊಡಬೇಕು,” ಎಂದರು ಮೂಗಿನಿಂದ. “ತಳಮಜಲಿನಿಂದ ಹೊರಟು, ಎರಡನೇ ಮಜಲಿನ ಮೂಲಕ, ನಾಲ್ಕನೇ ಮಜಲಿಗೆ ಹೋಗುವ ಲಿಫ್ಟು, ತನ್ನ ನಿಗದಿತ ವೇಳೆಗಿಂತ ಮೂರು ತಿಂಗಳು ತಡವಾಗಿ ಓಡುತ್ತಿದೆ. ಆಗುತ್ತಿರುವ ಅನಾನುಕೂಲಕ್ಕೆ ನನ್ನ ಮಂಡಿಯ ವತಿಯಿಂದ ವಿಷಾದ. ‘ಲಿಫ್ಟ್’ ಅಂತ ಒಂದು ಗುಂಡಿ ಹಾಕು, ಮಾಂತೇಶಾ.”

‘ಚೇರ್ಮನ್’ ಗುಂಡಿಯ ಬೆನ್ನಿಗೇ ‘ಲಿಫ್ಟ್’ ಗುಂಡಿ ಬಂದು ಕೂತಿತು. ಅದೇ ಹೊತ್ತಿಗೆ ಮೇಲಿನಿಂದ ಕೃಷ್ಣಾಜಿ ಕೆಮ್ಮಿದ್ದು ಕೇಳಿಸಿತು. ಮಾಂತು ಕೀಲಿಮಣೆಗೆ ಬಾಗಿದ. ಚೇರ್ಮನ್ ಗುಂಡಿಯನ್ನು ಈಗಲೇ ತೆಗೆಯಬೇಕು. ಯಂತ್ರಕ್ಕೆ ಗುಂಡಿಯ ಹೆಸರು ತಿಳಿಯದು, ಸಾಲಿನಲ್ಲಿ ಎಷ್ಟನೆಯದು ಎಂಬ ನಂಬರು ಮಾತ್ರ ತಿಳಿಯುತ್ತದೆ. ಅದೂ ಎಣಿಕೆಯನ್ನು ಒಂದರಿಂದಲ್ಲ, ಸೊನ್ನೆಯಿಂದ ಶುರು ಮಾಡುತ್ತದೆ. ಹಾಗಾಗಿ ಎಣಿಸಿ ಒಂದು ಕಳೆಯಬೇಕು. ಮಾಂತು ಎಣಿಸಿದ: ಹನ್ನೊಂದನೆಯದು. ಒಂದು ಕಳೆದ, ಹತ್ತು. ಕೃಷ್ಣಾಜಿ ಇನ್ನೊಮ್ಮೆ ಕೆಮ್ಮಿದರು. ಗಾಬರಿಯಲ್ಲಿ ಇನ್ನೊಂದು ಕಳೆದ, ಒಂಬತ್ತು. ತೆಗೆ ಎಂದ.

ಚೇರ್ಮನ್ ಗುಂಡಿ ಇದ್ದಲ್ಲಿಯೇ ಇತ್ತು. ಅದರ ಮುಂದಿನ, ನಾಗವ್ವ ಕಾಕುವಿನ ಖಾರದ ಗುಂಡಿ ಮಾಯವಾಯಿತು.

“ಹೋತು! ನನ್ನ ಗುಂಡಿ ಹೋತು!” ನಾಗವ್ವ ಎದ್ದು ನಿಂತರು. “ಇಂದೂ, ನೀ ಅವನ ಕಿವಿಯಾಗ ಏನ ಹೇಳ್ದಿ?”

“ನಾ ಹೇಳಿಲ್ಲರಿ ಕಾಕು. ನಿಮ್ಮ ತಕರಾರು ಖರೆ ಇರಲಿಲ್ಲ, ಅದಕ್ಕ ತಾನ ಹೋತು.”

ಈ ಗಲಾಟೆಯಲ್ಲಿ ಮಾಂತು ಇನ್ನೊಂದನ್ನು ಗಮನಿಸಲಿಲ್ಲ. ಪಂಕ್ತಿಯಲ್ಲಿ ಒಬ್ಬರು ಎದ್ದುಹೋದರೆ ಬಡಿಸುವವನ ಲೆಕ್ಕ ತಪ್ಪುವ ಹಾಗೆ, ಒಂದು ಗುಂಡಿ ಎದ್ದುಹೋದದ್ದರಿಂದ ಅದರ ಹಿಂದಿನವರ ನಂಬರುಗಳೆಲ್ಲ ಒಂದೊಂದು ಸ್ಥಾನ ಮುಂದಕ್ಕೆ ಜಾರಿದ್ದವು. ಹಿಂದಿನವನು ಕೇಳಿದ ಹೋಳಿಗೆ ಮುಂದಿನವನ ಎಲೆಗೆ ಬೀಳುತ್ತಿತ್ತು.

ಅಪ್ಪಾಸಾಹೇಬರು ಮೌಸನ್ನು ಹಿಡಿದು ‘ಲಿಫ್ಟ್’ ಒತ್ತಿದರು. ಲಿಫ್ಟಿನ ಅಂಕಿ ಅಲುಗಲಿಲ್ಲ. ಪಕ್ಕದಲ್ಲಿ ಚೇರ್ಮನ್‌ರದು ಏಳಾಯಿತು.

“ಅಂಕಿ ಏರ್ವಲ್ತು,” ಎಂದರು. ಮತ್ತೆ ಒತ್ತಿದರು. ಚೇರ್ಮನ್ ಎಂಟು.

“ಜೋರಾಗಿ ಒತ್ರಿ,” ಎಂದರು ಇಂದೂ ವೈನಿ. “ಲಿಫ್ಟಿನ ಗುಂಡೀನೂ ಹಂಗ ಇತ್ತು, ಬಡದ್ರನ ಕೇಳ್ತಿತ್ತು.”

ನಾಲ್ಕನೆಯ ಮಹಡಿಯವರು, ಮೂರನೆಯ ಮಹಡಿಯವರು, ಅವರ ಮನೆಗೆ ಬಂದ ಬೀಗರು ಎಲ್ಲರೂ ಸಾಲುಗಟ್ಟಿದರು. ಮೂರು ತಿಂಗಳು ಮೆಟ್ಟಿಲು ಹತ್ತಿದ ಸಿಟ್ಟು ಒಂದು ಮೌಸಿನ ಮೇಲೆ ಇಳಿಯತೊಡಗಿತು. ಲಿಫ್ಟಿನ ಅಂಕಿ ಅಸಲಿ ಲಿಫ್ಟಿನ ಹಾಗೆಯೇ ಇದ್ದಲ್ಲಿ ನಿಂತಿತ್ತು. ಚೇರ್ಮನ್ ಮಾತ್ರ ಹದಿನೈದು, ಇಪ್ಪತ್ತೊಂದು, ಮೂವತ್ತು ಎಂದು ಸಲೀಸಾಗಿ ಮೇಲೇರುತ್ತಿದ್ದರು.

“ಮೌಸು ಬಿಡ್ರಿ ಮಾಮಾ!” ಮಾಂತು ಎಳೆದ. ಅಪ್ಪಾಸಾಹೇಬರು ಹಸಿರು ಬಾವುಟ ಹಿಡಿದ ಗಾರ್ಡಿನಂತೆ ಹಿಡಿದಿದ್ದರು, ಬಿಡಲಿಲ್ಲ. ಪ್ರೋಗ್ರಾಮು ಮುಚ್ಚೋಣವೆಂದರೆ ಮುಚ್ಚುವ ಚೌಕ ಬೋರ್ಡಿನ ಕೆಳಗೆ ಸಮಾಧಿಯಾಗಿತ್ತು. ಕೊನೆಗೆ ಪ್ಲಗ್ಗನ್ನೇ ಕೀಳುವುದೆಂದು ಗೋಡೆಯ ಕಡೆ ನುಗ್ಗಿದ. ಅವಧೂತರಾವ್ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಕಣ್ಣು ಮಿನುಗುತ್ತಿತ್ತು.

“ಸ್ವಲ್ಪ ಸರೀರಿ, ಪ್ಲಗ್ ತಗೀಬೇಕು.”

“ಯಾಕಪಾ? ಭಾಳ ಚೊಲೋ ನಡದದಲ್ಲ! ಕೂಡು, ಕೂಡು. ಆ ಕಾಕು ಈಗ ಏನೋ ಅನ್ನಲಿಕ್ಕತ್ತಾರ, ಕೇಳಸ್ಕೋ.”

ಅಷ್ಟರಲ್ಲಿ ಮೆಟ್ಟಿಲ ಬಳಿ ಗದ್ದಲ ತಟ್ಟನೆ ನಿಂತಿತು. ಕೃಷ್ಣಾಜಿ ಇಳಿದು ಬಂದಿದ್ದರು. ಒಂದು ಕೈಯಲ್ಲಿ ಶಿಕ್ಕಾ, ಇನ್ನೊಂದರಲ್ಲಿ ಶಾಯಿಯ ಡಬ್ಬಿ, ಕಂಕುಳಲ್ಲಿ ಮಾಂತುವಿನ ಪತ್ರ. ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಾಗಿದರು. ಪರದೆ ಹೇಳಿತು: ನೀರು ಮೂರು. ಬೆಕ್ಕು ಎರಡು. ಲಿಫ್ಟ್ ಸೊನ್ನೆ. ಚೇರ್ಮನ್ ನಲವತ್ತೊಂದು.

“ಇದೇನು?” ಎಂದರು ಮೆಲ್ಲಗೆ.

ಅಪ್ಪಾಸಾಹೇಬರ ಮೈಕೂ ಬಂದ್ ಆಯಿತು. ಕೃಷ್ಣಾಜಿ ಶಿಕ್ಕಾವನ್ನು ಮೇಜಿನ ಮೇಲಿಟ್ಟರು. “ಹದಿನಾರು ವರ್ಷ ಮಾಡಿದೆ. ನಲವತ್ತೊಂದು ತಕರಾರು. ಸಾಕು. ಇನ್ನ ಯಾರರೆ ಮಾಡ್ರಿ. ನೀರಿನ ಟಾಕೀ ಕೀಲಿ, ಟ್ಯಾಂಕರಿನವನ ಫೋನ್ ನಂಬರ, ಕಸ ಒಯ್ಯೋರ ಜೋಡಿ ಜಗಳಾಡೂ ವ್ಯಾಳ್ಯಾ, ಎಲ್ಲಾ ಬರದು ಕೊಡ್ತೀನಿ.” ಕಂಕುಳಲ್ಲಿದ್ದ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದರು.

ಮಾಂತುವಿನ ಕಣ್ಣಿಗೆ ಒದ್ದೆ ಸಾಕ್ಸು ತೂಗಾಡಿತು.

ಆದರೆ ಉಳಿದವರ ಕಣ್ಣಿಗೆ ತೂಗಾಡಿದ್ದು ಟಾಕಿಯ ಕೀಲಿ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಬಿಡಬೇಕು, ಟ್ಯಾಂಕರಿನವನ ಬೈಗಳ ಕೇಳಬೇಕು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ನೆಲ ನೋಡಿದರು. ಮೊದಲು ಬಾಯಿ ಬಂದದ್ದು ನಾಗವ್ವ ಕಾಕುವಿಗೆ.

“ಯಪ್ಪಾ, ತಕರಾರು ಅಂತ ಯಾರ ಹೇಳಿದ್ರಿ? ವಾರ್ಷಿಕ ಸಭಾ ಅಲ್ಲೇನು? ಚೇರ್ಮನ್ ಆರಸಬ್ಯಾಡಾ? ನೀವ ಇರಬೇಕಂತ ನಾವು ಒತ್ತೇವಿ!”

ಕೃಷ್ಣಾಜಿ ಅನುಮಾನದಿಂದ ನೋಡಿದರು. “ಬ್ಯಾರೆ ಹೆಸರ ಇಲ್ಲಲ್ಲ ಇಲ್ಲೆ?”

“ಅದ ಅಂತೀನಿ! ನಿಮ್ಮ ಎದುರಿಗೆ ಬೆಕ್ಕೊಂದು ನಿಂತಿತ್ತು. ಅದಕ್ಕ ಎರಡ ಬಿದ್ದಾವ.”

“ಮನಿ ಇಪ್ಪತ್ನಾಕು. ನಲವತ್ತೊಂದು ಹ್ಯಾಂಗ ಬಂತು?”

“ಕೆಲವರು ಎರಡೆರಡು ಸಲ ಒತ್ತ್ಯಾರ್ರಿ,” ಎಂದರು ಇಂದೂ ವೈನಿ. “ಪ್ರೀತಿ ಹೆಚ್ಚಾಗಿ.”

“ಸದಸ್ಯರು ದಯವಿಟ್ಟು ಲಕ್ಷ್ಯ ಕೊಡಬೇಕು,” ಅಪ್ಪಾಸಾಹೇಬರ ಮೈಕು ಮತ್ತೆ ಚಾಲೂ ಆಯಿತು, “ಕೃಷ್ಣಾಜಿಯವರು ಎಲ್ಲಿಯೂ ನಿಲ್ಲದೆ, ಮುಂದಿನ ವರ್ಷಕ್ಕೆ ನೇರವಾಗಿ ಹೊರಡಲಿದ್ದಾರೆ!”

ಚಪ್ಪಾಳೆ ಬಿತ್ತು. ಕೃಷ್ಣಾಜಿ ನಂಬಿದರೋ, ನಂಬುವುದೇ ಲೇಸೆಂದುಕೊಂಡರೋ, ಕನ್ನಡಕ ತೆಗೆದು ಒರೆಸಿಕೊಂಡರು. “ಇಷ್ಟ ವರ್ಷದಾಗ ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ ನೋಡು, ಮಾಂತೇಶಾ. ಕಂಪ್ಯೂಟರ್ ಹೇಳ್ತು.” ಜೇಬಿನಿಂದ ಪತ್ರ ತೆಗೆದು, ಮಡಿಕೆ ಬಿಡಿಸಿ, ಸಹಿ ಮಾಡಿ, ಶಿಕ್ಕಾವನ್ನು ಎರಡು ಸಲ ಒತ್ತಿದರು. ಬಹುಶಃ ಪ್ರೀತಿ ಹೆಚ್ಚಾಗಿ.

ಚಹಾ ಬಂತು, ಅವಲಕ್ಕಿ ಬಂತು. ಆ ಸಮಯದಲ್ಲಿ ಮಾಂತು ಗುಟ್ಟಾಗಿ ಎಣಿಕೆಯ ತಪ್ಪು ತಿದ್ದಿದ. ಖಾರದ ಗುಂಡಿ ಮರಳಿ ಬಂತು. ನಾಗವ್ವ ಅದನ್ನು ನೋಡಿ, ಇಂದೂ ವೈನಿಗೆ ತನ್ನ ಬಟ್ಟಲಿನಿಂದ ಎರಡು ಚಮಚೆ ಅವಲಕ್ಕಿ ಹೆಚ್ಚಿಗೆ ಹಾಕಿದರು. ಎಲ್ಲರ ಮುಖದಲ್ಲಿಯೂ ಹಬ್ಬದ ಊಟ ಮುಗಿಸಿದ ತೃಪ್ತಿ. ಮಾಂತುವಿಗಂತೂ ನೆಲ ಕಾಲಿಗೆ ತಾಕುತ್ತಿರಲಿಲ್ಲ. ಪತ್ರವನ್ನು ಹಿಡಿದುಕೊಂಡು ಅವಧೂತರಾವ್ ಬಳಿ ಹೋದ.

“ಸಿಕ್ತರಿ! ಸಹಿ, ಶಿಕ್ಕಾ ಎಲ್ಲಾ. ಈಗ ಕರಾರಿನ ಕಾಗದ ತಗೀರಿ.”

ಅವಧೂತರಾವ್ ಪತ್ರವನ್ನು ಓದಿದರು. ಪ್ರೀತಿಯಿಂದ ಮಾಂತುವಿನ ಕೈ ಹಿಡಿದುಕೊಂಡರು.

“ಮಾಂತೂ, ಭಾಳ ಚೊಲೋ ಹುಡುಗ ನೀನು. ನನ್ನ ಕಣ್ಣ ತಗಸಿದಿ. ನಮ್ಮಾಕಿ ಹೋಗಿ ನಾಕು ವರ್ಷಾತು. ಲೋಣಾವಳಾದಾಗ ನಾಕು ತಿಂಗಳ ಮಳಿ ಬಿಟ್ರ ನನ್ನ ಜೋಡಿ ಮಾತಾಡೋರ ಇಲ್ಲ. ಗಿರಾಕಿ ಬರ್ತಾರ, ಅರ್ಧ ಕಿಲೋ ಅಂತಾರ, ಹೋಗ್ತಾರ. ಒಬ್ಬರೂ ಜಗಳಾಡೂದಿಲ್ಲ. ಇವತ್ತ ಒಂದ ತಾಸಿನಾಗ ಎಷ್ಟ ನಕ್ಕೆ, ಗೊತ್ತದ ಏನು? ಇಂಥಾ ಜಾಗಾದಾಗ ಸ್ವಂತ ಮನಿ ಇಟಗೊಂಡು ನಾ ಅಲ್ಲೆ ಚಿಕ್ಕಿ ಯಾಕ ಕಟ್ಲಿ? ಅಂಗಡಿ ಅಳಿಯಾಗ ಬಿಟ್ಟುಕೊಟ್ಟು ಒಂದನೇ ತಾರೀಖಿಗೆ ನಾನ ಬರ್ತೀನಿ ಇಲ್ಲೆ ಇರ್ಲಿಕ್ಕೆ.”

“ಎಲ್ಲೆ ಇರ್ಲಿಕ್ಕರೀ?” ಎಂದ ಮಾಂತು. ಉತ್ತರ ಗೊತ್ತಿದ್ದರೂ ಕೇಳಿದ.

“ನನ್ನ ಮನ್ಯಾಗನ. ಒಂಬತ್ತನೇ ನಂಬರ.”

ಸುತ್ತಲಿದ್ದವರಿಗೆ ಸುದ್ದಿ ಮುಟ್ಟಿ ಇನ್ನೊಂದು ಚಪ್ಪಾಳೆ ಬಿತ್ತು. ಕೃಷ್ಣಾಜಿ ಬಂದು ಅವಧೂತರಾವ್ ಅವರನ್ನು ಅಪ್ಪಿಕೊಂಡರು. “ಮಾಲಕರು ಸ್ವತಃ ಬರ್ತಾರಂದ್ರ ಸೊಸೈಟಿಗೆ ಶೋಭಾ. ಮಾಂತೇಶಾ, ನೀ ಎಲ್ಲೇ ಇರು, ಭಾನುವಾರಕ್ಕೊಮ್ಮೆ ಬಂದು ಗುಂಡಿ ನೋಡ್ಕೊಂಡು ಹೋಗಬೇಕು ಮತ್ತ.”

ಅವಧೂತರಾವ್ ಆಗಲೇ ಮೇಜಿನ ಮುಂದೆ ಬಂದು ನಿಂತಿದ್ದರು, ಜಾತ್ರೆಯಲ್ಲಿ ತೊಟ್ಟಿಲ ಸರದಿ ಕಾಯುವವರ ಹಾಗೆ. “ನನಗೂ ಒಂದು ಗುಂಡಿ ಮಾಡಿಕೊಡಪಾ.”

“ಯಾವ ತಕರಾರಿಂದ್ರಿ?” ಎಂದ ಮಾಂತು ಮೆತ್ತಗೆ.

ಅವಧೂತರಾವ್ ಗಲ್ಲ ಕೆರೆದುಕೊಂಡರು. ಪಾಪ, ಇಲ್ಲಿ ಒಂದು ದಿನವೂ ಇದ್ದವರಲ್ಲ. ತಕರಾರು ಎಲ್ಲಿಂದ ತರಬೇಕು? ನೀರಿನದು ಗೊತ್ತಿಲ್ಲ, ಬೆಕ್ಕಿನ ಪರಿಚಯವಿಲ್ಲ. ಬಹಳ ಹೊತ್ತು ಯೋಚಿಸಿದರು. ಆಮೇಲೆ ಮುಖ ಬೆಳಗಿತು.

“ಸಿಕ್ತು! ಬರಿ: ‘ಒಂಬತ್ತನೇ ನಂಬರ ಮನಿ ಇನ್ನೂ ಖಾಲಿ ಆಗಿಲ್ಲ.’”

ಮಾಂತು ಅವರ ಮುಖ ನೋಡಿದ. ಅದರಲ್ಲಿ ಕಪಟದ ಸುಳಿವೂ ಇರಲಿಲ್ಲ. ಹೊಸ ಆಟಿಕೆ ಸಿಕ್ಕವರ ಸಂಭ್ರಮವಿತ್ತು. ಒತ್ತಕ್ಷರ ತಪ್ಪದಂತೆ ಬರೆದ, ‘ಹೊಸ ಗುಂಡಿ’ ಒತ್ತಿದ. ಗುಂಡಿ ಹುಟ್ಟಿ ಸಾಲಿನ ಕೊನೆಗೆ ಬಂದು ಕೂತಿತು.

“ಬರೋಬ್ಬರಿ ನಡೀತದೋ ಇಲ್ಲೋ, ನೀನ ಒತ್ತಿ ನೋಡಪಾ ಮೊದಲು,” ಎಂದರು ಅವಧೂತರಾವ್.

ಮಾಂತು ಒತ್ತಿದ. ಅಂಕಿ ಒಂದಾಯಿತು, ಸರಿಯಾದ ಜಾಗದಲ್ಲಿಯೇ.

“ಹೊಸಾ ಮಂದಿ ಬರ್ತಾರ, ಒಂದ ಅಂಕಿ ಚಂದ ಕಾಣಸೂದಿಲ್ಲ,” ಎಂದು ನಾಗವ್ವ ಕಾಕು ಮೌಸಿಗೆ ಕೈ ಚಾಚಿದರು. ಅವರ ಹಿಂದೆ ಇಂದೂ ವೈನಿ, ಅವರ ಹಿಂದೆ ಅಪ್ಪಾಸಾಹೇಬರು, ಅವರ ಹಿಂದೆ ಅವಲಕ್ಕಿ ತಟ್ಟೆ ಹಿಡಿದ ಇಡೀ ಘಟಪ್ರಭಾ ಸೊಸೈಟಿ ಸಾಲುಗಟ್ಟಿ ನಿಂತಿತು.